ಕೊನೆಯ ಹಲಗೆ ಅಂಟಿಸುವ ಮುಂಚೆ ಒಂದು ಪ್ರಶ್ನೆ: 4 ಇಂಚಿನ ಫುಲ್‌ರೇಂಜ್‌ಗೆ ಬ್ಯಾಕ್‌ಲೋಡೆಡ್ ಹಾರ್ನ್

ಸಾಗರದ ಸೌಂಡು:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಹಿತ್ತಿಲ ಶೆಡ್ಡಿನಲ್ಲಿ ಒಂದು ಹಾರ್ನ್ ಪೆಟ್ಟಿಗೆ ಕಟ್ಟುತ್ತಿದ್ದೇನೆ, ಅಂದರೆ ಸ್ಪೀಕರಿನ ಬೆನ್ನ ಕಡೆಯ ಶಬ್ದವನ್ನು ಅಗಲವಾಗುತ್ತಾ ಹೋಗುವ ಮಡಿಸಿದ ದಾರಿಯಲ್ಲಿ ಹಾಯಿಸಿ ಹೊರಗೆ ಬಿಡುವ ಸ್ಪೀಕರ್ ಪೆಟ್ಟಿಗೆ. ಒಂದು ಪಕ್ಕದ ಹಲಗೆ ಬಿಟ್ಟು ಉಳಿದದ್ದೆಲ್ಲ ಫೆವಿಕಾಲ್ ಹಾಕಿ ಮುಗಿದಿದೆ. ಆ ಕೊನೆಯ ಹಲಗೆ ಮಾತ್ರ ಸದ್ಯಕ್ಕೆ ಸ್ಕ್ರೂ ಮೇಲೆ ನಿಂತಿದೆ. ಅಂಟಿಸಿಬಿಟ್ಟರೆ ಆಮೇಲೆ ಒಳಗೆ ಕೈ ಹೋಗಲ್ಲ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ನಮ್ಮ ಮಾವನದು ಮದುವೆ, ಯಕ್ಷಗಾನಕ್ಕೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಇತ್ತು. ಚಿಕ್ಕಂದಿನಿಂದ ನನಗೆ ಹಾರ್ನ್ ಅಂದರೆ ತೆಂಗಿನ ಮರಕ್ಕೆ ಕಟ್ಟಿದ ಆ ಅಲ್ಯೂಮಿನಿಯಂ ಕಹಳೆ. ಮನೆಯೊಳಗೆ ಇಡುವ ಮರದ ಹಾರ್ನ್ ಇದೆ ಅಂತ ಗೊತ್ತಾಗಿದ್ದೇ ಹೋದ ವರ್ಷ.

ಅಳತೆ ಹೇಳುತ್ತೇನೆ. ಡ್ರೈವರ್ (ಎಲ್ಲ ಸ್ವರವನ್ನೂ ಒಂದೇ ನುಡಿಸುವ ಫುಲ್‌ರೇಂಜ್ ಸ್ಪೀಕರ್) 4 ಇಂಚು, ಕಾಗದದ ಕೋನ್, ಕ್ಯುಟಿಎಸ್ (ಕೋನ್ ಅಲುಗಾಟಕ್ಕೆ ಎಷ್ಟು ಕಡಿವಾಣ ಇದೆ ಅನ್ನುವ ಅಂಕಿ, ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ) 0.33. 18 ಮಿ.ಮೀ. ಪ್ಲೈ. ಒಳ ಅಗಲ ಎಲ್ಲ ಕಡೆ 15 ಸೆಂ.ಮೀ. ಗಂಟಲು, ಅಂದರೆ ಹಾರ್ನ್ ಶುರುವಾಗುವ ಕಿರಿದಾದ ತುದಿ, 15 × 3. ಬಾಯಿ, ಅಂದರೆ ಹೊರಗೆ ತೆರೆಯುವ ಅಗಲದ ತುದಿ, 15 × 40. ಗಂಟಲಿಂದ ಬಾಯಿಗೆ ದಾರಿ ಒಟ್ಟು 2 ಮೀಟರ್, ಮೂರು ಮಡಿಕೆ. ಡ್ರೈವರ್ ಹಿಂದಿನ ಚೇಂಬರ್ 15 ಅಗಲ, 11 ಎತ್ತರ, 4.5 ಆಳ. ಗಂಟಲು ಅದರ ನೆಲದಲ್ಲಿ ಒಂದು ಸೀಳು. ಟಿಪಿಎ3116 ಬೋರ್ಡಿನ ಸಣ್ಣ ಆಂಪ್.

ಸಮಸ್ಯೆ ಎರಡು. ಒಂದು, ಭದ್ರಾವತಿ ಆಕಾಶವಾಣಿಯ ವಾರ್ತೆ ಹಾಕಿದರೆ ಓದುವವರು ಹಿತ್ತಾಳೆ ಕೊಡದೊಳಗೆ ತಲೆ ಇಟ್ಟುಕೊಂಡು ಓದಿದ ಹಾಗೆ ಕೇಳುತ್ತದೆ. ಎರಡು, ಬಾಸ್ ಇದೆ, ಆದರೆ 40 ಹರ್ಟ್ಸ್ ತನಕ ಹೋಗುತ್ತೆ ಅಂದುಕೊಂಡಿದ್ದೆ, ಅಷ್ಟು ಇಲ್ಲ. ಡ್ರೈವರೇ ಸರಿ ಇಲ್ವಾ, ಪೆಟ್ಟಿಗೆಯಾ?

ಬಾಕ್ಸ್ ಭಟ್ರು:

ಹಾರ್ನ್ ಸಹವಾಸ ಬೇಡ ಅಂತ ಎಷ್ಟು ಸಲ ಹೇಳೋದು. 10 ಲೀಟರಿನ ರಿಫ್ಲೆಕ್ಸ್ ಪೆಟ್ಟಿಗೆ, ಅಂದರೆ ಮಾಮೂಲಿ ಡಬ್ಬ, ಗಾಳಿ ಆಡಲು ಒಂದು ಪೈಪು, ಒಂದು ಭಾನುವಾರದ ಕೆಲಸ. ನಾನು ಎರಡು ಹಾರ್ನ್ ಕಟ್ಟಿ ಎರಡನ್ನೂ ಒಡೆದು ಚಪ್ಪಲಿ ಸ್ಟ್ಯಾಂಡ್ ಮಾಡಿದ್ದೇನೆ. ಸ್ಟ್ಯಾಂಡ್ ಮಾತ್ರ ಚೆನ್ನಾಗಿದೆ.

ಹಳೇ ರೇಡಿಯೊ:

ಭಟ್ರೇ, ನಿಮ್ಮ ಚಪ್ಪಲಿ ಅದೃಷ್ಟ ಮಾಡಿದೆ ಬಿಡಿ.

ಸಾಗರದವರೇ, ಡ್ರೈವರ್ ಮೇಲೆ ಅನುಮಾನ ಬೇಡ. 0.33 ಕ್ಯುಟಿಎಸ್ ಹಾರ್ನ್‌ಗೆ ಹೇಳಿ ಮಾಡಿಸಿದ್ದು. 0.2ರಿಂದ 0.4ರೊಳಗೆ ಇದ್ದರೆ ಮ್ಯಾಗ್ನೆಟ್ಟಿಗೆ ಕೋನ್ ಮೇಲೆ ಹಿಡಿತ ಇರುತ್ತದೆ, ಹಾರ್ನ್ ಕೊಡುವ ಭಾರ ಅದು ತಡೆಯುತ್ತದೆ. ಕಾರಿನಿಂದ ಬಿಚ್ಚಿದ ಸ್ಪೀಕರ್ ತಂದು ಹಾರ್ನ್‌ಗೆ ಹಾಕುವವರಿದ್ದಾರೆ. ಅದರ ಕ್ಯು 0.7, 0.8 ಇರುತ್ತದೆ. ಆಗ ಬರುವುದು ಬಾಸ್ ಅಲ್ಲ, ಬರೀ ಗುಂಯ್.

ನಿಮ್ಮ ತಪ್ಪು ಚೇಂಬರಿನಲ್ಲಿದೆ. ಅಳತೆ ನೋಡಿದ ಕೂಡಲೇ ಗೊತ್ತಾಯಿತು. 15 × 11 × 4.5 ಅಂದರೆ ಸುಮಾರು 740 ಸಿ.ಸಿ. ಮ್ಯಾಗ್ನೆಟ್ ನುಂಗುವ ಜಾಗ ಕಳೆದರೆ ಉಳಿಯುವುದು 600. ಈಗ ಒಂದು ಕೆಲಸ ಮಾಡಿ. ಪಕ್ಕದ ಹಲಗೆ ಬಿಚ್ಚಿ ಮ್ಯಾಗ್ನೆಟ್ ಹಿಂದೆ ಬೆರಳು ಹಾಕಿ. ಒಂದೇ ಬೆರಳು ಹಿಡಿಯುತ್ತದೆ, ಅಲ್ವಾ?

ಚೇಂಬರ್ ಇರುವುದು ಬರೀ ಡ್ರೈವರ್ ಕೂರಿಸಲು ಅಲ್ಲ. ಅದೇ ನಿಮ್ಮ ಕ್ರಾಸ್‌ಓವರ್, ಯಾವ ಸ್ವರ ಹಾರ್ನ್‌ಗೆ ಹೋಗಬೇಕು, ಯಾವುದು ಹೋಗಬಾರದು ಅಂತ ಬೇರ್ಪಡಿಸುವುದು ಅದೇ. ಒಳಗಿನ ಗಾಳಿ ಸ್ಪ್ರಿಂಗ್ ಇದ್ದ ಹಾಗೆ. ನಿಧಾನವಾಗಿ ಒತ್ತಿದರೆ ಒತ್ತಡ ಗಂಟಲಿಗೆ ದಾಟುತ್ತದೆ, ಬೇಗ ಬೇಗ ಒತ್ತಿದರೆ ಅಲ್ಲೇ ಕುಗ್ಗಿ ಹಿಗ್ಗಿ ಮುಗಿಯುತ್ತದೆ. ಎಷ್ಟು ಹರ್ಟ್ಸ್‌ನಿಂದ ಮೇಲಿನ ಸ್ವರ ದಾಟುವುದಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ: ಗಂಟಲಿನ ವಿಸ್ತೀರ್ಣವನ್ನು ಶಬ್ದದ ವೇಗದಿಂದ ಗುಣಿಸಿ, ಚೇಂಬರಿನ ಗಾತ್ರದಿಂದ ಭಾಗಿಸಿ, ಮತ್ತೆ 6.28ರಿಂದ ಭಾಗಿಸಿ. 45 ಚದರ ಸೆಂ.ಮೀ., ಸೆಕೆಂಡಿಗೆ 34400 ಸೆಂ.ಮೀ., 600 ಸಿ.ಸಿ. ಹಾಕಿದರೆ ಸುಮಾರು 410 ಹರ್ಟ್ಸ್ ಬರುತ್ತದೆ. ಅಂದರೆ ಗಂಡಸರ ದನಿಯ ಒಳ್ಳೇ ಭಾಗ ಹಾರ್ನ್ ಒಳಗೆ ಹೋಗಿ, 2 ಮೀಟರ್ ಸುತ್ತಿ, ಹತ್ತಿರ ಹತ್ತಿರ 6 ಮಿಲಿಸೆಕೆಂಡ್ ತಡವಾಗಿ ಬಾಯಿಂದ ಹೊರಗೆ ಬೀಳುತ್ತಿದೆ. ಮುಂದಿನಿಂದ ಬಂದ ದನಿಯ ಜೊತೆ ಸೇರಿ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ನಿಮ್ಮ ಹಿತ್ತಾಳೆ ಕೊಡ ಅದೇ.

ಚೇಂಬರಿನ ಹಿಂದಿನ ಹಲಗೆಯನ್ನು 4 ಸೆಂ.ಮೀ. ಹಿಂದಕ್ಕೆ ಸರಿಸಿ. 660 ಸಿ.ಸಿ. ಸಿಗುತ್ತದೆ, ಆಗ ಲೆಕ್ಕ 200ರ ಹತ್ತಿರ ಇಳಿಯುತ್ತದೆ. ಆದರೆ ನೆಲದಲ್ಲಿ ಅಷ್ಟೇ ಅಗಲದ ಪಟ್ಟಿ ಸೇರಿಸುವುದು ಮರೀಬೇಡಿ. ಗಂಟಲು 3 ಸೆಂ.ಮೀ. ಇದ್ದದ್ದು 7 ಆದರೆ ಮಾಡಿದ್ದೆಲ್ಲ ನೀರಿಗೆ ಹೋಮ. ಚೇಂಬರಿನ ಗೋಡೆಗೆ ಒಂದು ಹಿಡಿ ದಿಂಬಿನ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ಅಂಟಿಸಿ. ಗಂಟಲಿಗೆ ಅಡ್ಡ ಬರಬಾರದು.

ಇನ್ನು 40 ಹರ್ಟ್ಸ್ ವಿಚಾರ. ಅದನ್ನು ಯಾರು ಹೇಳಿದರೋ ಅವರು 2 ಮೀಟರನ್ನು ನೇರ ಪೈಪಿನ ಲೆಕ್ಕಕ್ಕೆ ಹಾಕಿದ್ದಾರೆ. ಒಂದು ಕಡೆ ಮುಚ್ಚಿದ ನೇರ ಪೈಪಾದರೆ ಕಾಲು ತರಂಗ, 43 ಹರ್ಟ್ಸ್, ಸರಿ. ನಿಮ್ಮದು ನೇರ ಪೈಪಲ್ಲ, ಅಗಲವಾಗುತ್ತಾ ಹೋಗುವ ಕಹಳೆ. 45ರಿಂದ 600 ಚದರ ಸೆಂ.ಮೀ.ಗೆ ಬೆಳೆಯುವ ಹಾರ್ನ್‌ನ ಮೊದಲ ಅನುರಣನ, ಅಂದರೆ ಅದು ತಾನಾಗಿ ಮೊಳಗುವ ಅತಿ ಕೆಳಗಿನ ಸ್ವರ, 65 ಹರ್ಟ್ಸ್ ಸುತ್ತ ಬರುತ್ತದೆ. ನಿಜವಾದ ಹಾರ್ನ್ ಆಗಿ 50 ಹರ್ಟ್ಸ್ ಕೊಡಬೇಕಾದರೆ ಬಾಯಿಯ ಸುತ್ತಳತೆ ಒಂದು ತರಂಗದಷ್ಟು, ಅಂದರೆ 6.9 ಮೀಟರ್ ಬೇಕು. ದುಂಡಗೆ ಮಾಡಿದರೆ ನಿಮ್ಮ ಮನೆ ಬಾಗಿಲಿಗಿಂತ ಎತ್ತರ. ಮಾವನ ಕಹಳೆಯಿಂದ ಮಾತು ಊರಾಚೆ ಕೇಳುತ್ತಿತ್ತು, ಮದ್ದಳೆಯ ತಳದ ನಾದ ಬರುತ್ತಿರಲಿಲ್ಲ, ನೆನಪಿದೆಯಾ? ಬಾಯಿ ಸಣ್ಣದು, ಅಷ್ಟೇ.

ಮನೆಯಲ್ಲಿ ಉಳಿದಿರುವ ದಾರಿ ಮೂಲೆ. ನೆಲ, ಎರಡು ಗೋಡೆ ಸೇರುವ ಕಡೆ ಇಟ್ಟರೆ ಎಂಟನೇ ಒಂದು ಭಾಗ ಬಾಯಿ ಸಾಕು. ಗೋಡೆಗಳೇ ಹಾರ್ನ್‌ನ ಮುಂದುವರಿಕೆ ಆಗುತ್ತವೆ. ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲೇ ಮನೆಯ ಮೂಲೆಗೆ ಅಂತ ಹಾರ್ನ್ ಮಾಡಿದ್ದು ಸುಮ್ನೆ ಅಲ್ಲ.

ಹಾರ್ನ್ ಹೇಗೆ ನುಡಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ತೋರಿಸುವ, ಡೇವಿಡ್ ಮೆಕ್‌ಬೀನ್ ಅವರ ಹಾರ್ನ್‌ರೆಸ್ಪ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ನೋಡಲು ಹಳೇ ಬ್ಯಾಂಕಿನ ಚಲನ್ ಥರ ಇದೆ, ಆದರೆ ಮೋಸ ಮಾಡಲ್ಲ. ಉಳಿ ಎತ್ತಿಕೊಳ್ಳುವ ಮುಂಚೆ ಚೇಂಬರಿನ ಹೊಸ ಅಳತೆ ಅದರಲ್ಲಿ ಹಾಕಿ ನೋಡಿ.

ಉಡುಪಿ ಪ್ಲೈ:

ಹಳೇ ರೇಡಿಯೊ ಅವರು ಶಬ್ದ ಹೇಳಿದರು, ನಾನು ಮರ ಹೇಳುತ್ತೇನೆ. ಪ್ಲೈ ಯಾವುದು? ಸಾಗರದ ಮಳೆಗೂ ನಮ್ಮ ಉಡುಪಿಯ ಮಳೆಗೂ ಎಮ್‌ಡಿಎಫ್ ಬೇಡವೇ ಬೇಡ, ಅಂಚು ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಮರೀನ್ ಪ್ಲೈ ತನ್ನಿ.

ಎರಡನೇ ಪೆಟ್ಟಿಗೆಗೆ ಒಂದು ಮಾತು. ಒಳ ಹಲಗೆಗಳನ್ನೆಲ್ಲ ಒಂದೇ ಸಲ ಗರಗಸದ ಗೈಡ್ 15 ಸೆಂ.ಮೀ.ಗೆ ಕಟ್ಟಿ, ಅದನ್ನು ಮುಟ್ಟದೆ ಪಟ್ಟಿಗಳಾಗಿ ಸೀಳಿಸಿ. ಉದ್ದ ಆಮೇಲೆ ಕತ್ತರಿಸಿ. ನಮ್ಮ ಆಚಾರಿ ಮಧ್ಯೆ ಚಹಾಕ್ಕೆ ಹೋಗಿ ಬಂದು ಗೈಡ್ ಮತ್ತೆ ಕಟ್ಟಿದರು, ಒಂದು ಹಲಗೆ 1 ಮಿ.ಮೀ. ಸಣ್ಣದಾಯಿತು. ಪಕ್ಕದ ಹಲಗೆ ಕೂರಿಸಿದಾಗ ಅಲ್ಲಿ ಕೂದಲೆಳೆ ಸಂದು. ಗಾಳಿ ಒಂದು ಮಡಿಕೆಯಿಂದ ಇನ್ನೊಂದಕ್ಕೆ ಅಡ್ಡದಾರಿ ಹಿಡಿದು ಸಿಳ್ಳೆ ಹೊಡೆಯುತ್ತಿತ್ತು.

ಹೊರಗಿನ ಕೀಲು ಪರೀಕ್ಷೆಗೆ ಊದುಬತ್ತಿ ಸಾಕು. 60 ಹರ್ಟ್ಸ್ ಸ್ವರ ಹಾಕಿ ಕೀಲಿನುದ್ದಕ್ಕೂ ಹಿಡಿದುಕೊಂಡು ಹೋಗಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ಸೋರುತ್ತಿದೆ.

ಓರೆ ಹಲಗೆ ಕಷ್ಟ ಅನ್ನಿಸಿದರೆ ಜಪಾನಿನ ನಾಗವೋಕಾ ಟೆಟ್ಸುವೊ ಅವರ ನಕ್ಷೆಗಳನ್ನು ನೋಡಿ. ಎಲ್ಲ ಹಲಗೆಯೂ ನೇರ, ಹಾರ್ನ್ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತದೆ. ನಮ್ಮಂಥವರ ಗರಗಸಕ್ಕೆ ಅದೇ ವಾಸಿ.

ಸಾಗರದ ಸೌಂಡು:

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮ್ಯಾಗ್ನೆಟ್ ಹಿಂದೆ ನನ್ನ ತೋರುಬೆರಳು ಹೋಯಿತು, ಹೆಬ್ಬೆರಳು ಹೋಗಲಿಲ್ಲ. ಹಾರ್ನ್‌ರೆಸ್ಪ್‌ನಲ್ಲಿ 600ರ ಬದಲು 1260 ಹಾಕಿದೆ. ಬಾಯಿಂದ ಬರುವ ಶಬ್ದದ ಗ್ರಾಫ್ ಗೆರೆಯಲ್ಲಿ 300ರಿಂದ 500 ಹರ್ಟ್ಸ್ ನಡುವೆ ಇದ್ದ ಗುಡ್ಡ ಕಣ್ಣೆದುರಿಗೇ ಕುಸಿಯಿತು.

ಚೇಂಬರಿನ ಹಿಂದಿನ ಹಲಗೆ ಅಂಟಾಗಿತ್ತಲ್ಲ, ಅದನ್ನು ಬಿಡಿಸಿದ್ದು ಮಾತ್ರ ಕೇಳಬೇಡಿ. ಉಳಿ, ಕೊಡತಿ, ಒಂದು ಇಡೀ ಶನಿವಾರ. ಪ್ಲೈಯ ಒಂದು ಪದರ ಸಿಪ್ಪೆ ಸುಲಿದ ಹಾಗೆ ಹಲಗೆಯ ಜೊತೆಗೇ ಎದ್ದು ಬಂತು. ಆ ಗುಂಡಿಗೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಿದೆ. ನೆಲಕ್ಕೆ 4 ಸೆಂ.ಮೀ. ಪಟ್ಟಿಯೂ ಬಿತ್ತು. ಗಂಟಲು ಮೂರೇ ಇದೆ, ಎರಡು ಸಲ ಅಳೆದೆ.

ವಾರ್ತೆ ಓದುವವರು ಕೊಡದಿಂದ ಹೊರಗೆ ಬಂದಿದ್ದಾರೆ. ಸ್ವಲ್ಪ ಮೂಗು ಕಟ್ಟಿದ ಹಾಗಿದೆ, ಅಷ್ಟೇ. ಊದುಬತ್ತಿ ಹಿಡಿದು ಪೆಟ್ಟಿಗೆ ಸುತ್ತ ಬರುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು, ಇದಕ್ಕೂ ಪೂಜೆ ಶುರು ಆಯ್ತಾ ಅಂದರು. ಕೆಳಗಿನ ಎಡ ಕೀಲಿನಲ್ಲಿ ಹೊಗೆ ನಡುಗಿತು. ಅಲ್ಲಿ ಮತ್ತೆರಡು ಸ್ಕ್ರೂ ಹಾಕಿದೆ, ನಿಂತಿತು. ಕೊನೆಯ ಹಲಗೆ ನಿನ್ನೆ ಅಂಟಿಸಿದೆ.

ಮೂಲೆಗೆ ತಳ್ಳಿದ ಮೇಲೆ ಮೃದಂಗದ ತೊಪ್ಪಿ ಕಡೆಯ ಏಟು ಹೊಟ್ಟೆಗೆ ಬಡಿಯುತ್ತದೆ. 65ರ ಕೆಳಗೆ ಏನೂ ಇಲ್ಲ ಅಂತ ಈಗ ಗೊತ್ತು. ಗೊತ್ತಾದ ಮೇಲೆ ಬೇಕು ಅನ್ನಿಸುತ್ತಲೂ ಇಲ್ಲ.

ಈಗ ಹೊಸ ತಲೆನೋವು. ಎರಡನೇ ಪೆಟ್ಟಿಗೆ ಇಡಬೇಕಾದ ಮೂಲೆಯಲ್ಲಿ ಅಮ್ಮನ ಬೀರು ಇದೆ. ಅದರ ಮುಂದೆ ಇಟ್ಟರೆ ನಡೆಯುತ್ತಾ?

ಹಳೇ ರೇಡಿಯೊ:

ಗೋಡೆಯ ಬದಲು ಬೀರು ಮೂಲೆಯ ಒಂದು ಬದಿ ಆಗಬಹುದು, ತುಂಬಿದ್ದರೆ. ಖಾಲಿ ಕಬ್ಬಿಣದ ಬೀರು ಆದರೆ ಬಾಗಿಲು ಗಡಗಡ ಅನ್ನುತ್ತದೆ. ಒಳಗೆ ರೇಷ್ಮೆ ಸೀರೆ ಎಷ್ಟಿವೆ ಅಂತ ಅಮ್ಮನ ಹತ್ತಿರ ಮೆಲ್ಲಗೆ ಕೇಳಿ ನೋಡಿ.

ಬಾಕ್ಸ್ ಭಟ್ರು:

ಚಪ್ಪಲಿ ಸ್ಟ್ಯಾಂಡಿನ ಅಳತೆ ಬೇಕಾದರೆ ಹೇಳಿ, ಕಳಿಸುತ್ತೇನೆ.