ವ್ಯಂಗ್ಯಚಿತ್ರದಲ್ಲಿ ಮುಖವನ್ನು ವಿಕಾರಗೊಳಿಸಲೇಬೇಕೇ?

ಪ್ರಶ್ನೆ: ನಾನು ಚಿತ್ರಕಲಾ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಬಡಾವಣೆಯ ನೀರಿನ ಬವಣೆಯನ್ನು ಕುರಿತು ಚಿತ್ರವೊಂದನ್ನು ಬರೆದು, ಅದರಲ್ಲಿ ಜನಪ್ರತಿನಿಧಿಯೊಬ್ಬರಿಗೆ ಹಂದಿಯ ಮುಖ ಕೊಟ್ಟಿದ್ದೆ. ಅದನ್ನು ನೋಡಿದ ಗುರುಗಳು, ಇದು ಬೈಗುಳವಾಯಿತು, ವಿಡಂಬನೆಯಾಗಲಿಲ್ಲ ಎಂದರು. ಇವೆರಡಕ್ಕೂ ಇರುವ ವ್ಯತ್ಯಾಸವೇನೆಂದು ವ್ಯಂಗ್ಯಚಿತ್ರ ಬರೆಯುವ ವೃತ್ತಿಯಲ್ಲಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿಮ್ಮ ಗುರುಗಳ ಮಾತನ್ನು ನಾನೂ ಒಪ್ಪುತ್ತೇನೆ. ಹಂದಿಯ ಮುಖದಿಂದ ನಿಮಗಿರುವ ಸಿಟ್ಟು ನೋಡುಗರಿಗೆ ತಿಳಿಯುತ್ತದೆಯೇ ಹೊರತು ಆ ವ್ಯಕ್ತಿ ಮಾಡಿದ್ದೇನು ಎಂಬುದು ತಿಳಿಯುವುದಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1975ರ ಡಿಸೆಂಬರ್‌ನಲ್ಲಿ, ಅಬು ಅಬ್ರಹಾಂ ಅವರು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಗೆ ಬರೆದ ಚಿತ್ರವನ್ನು ಹುಡುಕಿ ನೋಡಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಸ್ನಾನದ ತೊಟ್ಟಿಯಲ್ಲಿ ಕುಳಿತೇ, ಸಹಿ ಮಾಡಿದ ಕಾಗದವನ್ನೂ ಪೆನ್ನನ್ನೂ ಬಾಗಿಲಲ್ಲಿ ನಿಂತವರ ಕಡೆಗೆ ಚಾಚುತ್ತ, ಸುಗ್ರೀವಾಜ್ಞೆಗಳು ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ಆ ವರ್ಷ ಜೂನ್ 25ರ ರಾತ್ರಿ, ಸಚಿವ ಸಂಪುಟ ಸಭೆ ಸೇರುವ ಮುನ್ನವೇ, ಅವರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದರು. ಕೇಳಿದಾಗಲೆಲ್ಲ ಸಹಿ ಹಾಕಿಕೊಡುವ ಆ ವಿಧೇಯತೆಯನ್ನು ಹೇಳಲು ಅಬು ಅವರಿಗೆ ಒಂದು ತೊಟ್ಟಿ ಮತ್ತು ಒಂದು ಬಾಗಿಲು ಸಾಕಾದವು. ಈ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ನಿಮ್ಮ ಬೀದಿಯಲ್ಲಿ ನೀವು ಕಣ್ಣಾರೆ ಕಂಡದ್ದೇನು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಸಾಲಾಗಿ ಇಟ್ಟ ಖಾಲಿ ಬಿಂದಿಗೆಗಳನ್ನು ದಾಟಿಕೊಂಡು ಟ್ಯಾಂಕರಿನ ಪೈಪು ಒಂದೇ ಮನೆಯ ಸಂಪಿಗೆ ಇಳಿಯುತ್ತಿದ್ದರೆ, ಆ ಪೈಪೇ ನಿಮ್ಮ ಚಿತ್ರ.

ಮರುಪ್ರಶ್ನೆ: ಪೈಪಿನ ವಿಷಯ ನಿಜ ಸರ್, ಅದು ಹಾಗೆಯೇ ಇಳಿಯುತ್ತದೆ. ಆದರೆ ಸಾಲಿನಲ್ಲಿ ಹೆಂಗಸರು ಜಗಳವಾಡುವುದನ್ನೂ ಬರೆಯಬೇಕೆಂದಿದ್ದೇನೆ. ಅದು ತಪ್ಪಾಗುತ್ತದೆಯೇ?

ಉತ್ತರ: ಬರೆಯಿರಿ, ಆದರೆ ಪೈಪು ಅದೇ ಚೌಕಟ್ಟಿನೊಳಗೆ ಕಾಣಲಿ, ಇಲ್ಲವಾದರೆ ನೋಡುಗರ ನಗೆಗೆ ನೀರಿಲ್ಲದವರೇ ಗುರಿಯಾಗುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರು ಮೊದಮೊದಲು ಬೇರೆ ಬೇರೆ ಪ್ರಾಂತಗಳ ಜನರ ಗುಂಪನ್ನೇ ಬರೆಯುತ್ತಿದ್ದರು. ಪತ್ರಿಕೆಯ ಅವಸರಕ್ಕೆ ಒಬ್ಬೊಬ್ಬರನ್ನೇ ಬಿಡುತ್ತ ಬಂದು, ಕೊನೆಗೆ ಚೌಕಳಿ ಕೋಟು ತೊಟ್ಟು ಪಂಚೆಯುಟ್ಟ ಒಬ್ಬನೇ ಶ್ರೀಸಾಮಾನ್ಯ ಉಳಿದ. ಆತ ಒಂದು ಮಾತೂ ಆಡದೆ ಮೂಲೆಯಲ್ಲಿ ನಿಂತು ನೋಡುತ್ತಾನೆ, ಅವನ ಜೊತೆ ನಿಂತು ನಾವೂ ನೋಡುತ್ತೇವೆ. ನಿಮ್ಮ ಸಾಲಿನಲ್ಲಿಯೂ ಜಗಳಕ್ಕಿಳಿಯದೆ ಪೈಪನ್ನೇ ದಿಟ್ಟಿಸುತ್ತಿರುವ ಒಬ್ಬ ಹೆಂಗಸಿರಲಿ. ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.