ತುರ್ತು: ‘ರಿಸರ್ವ್ ಪ್ರೈಸ್’ಗೆ ಕನ್ನಡದಲ್ಲಿ ಏನನ್ನಬೇಕು? (ಆನ್‌ಲೈನ್ ಹರಾಜು)

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಹಳೆಯ ನಾಣ್ಯ, ಅಂಚೆಚೀಟಿ, ಗ್ರಾಮಫೋನ್ ತಟ್ಟೆಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವವರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂದು ಸಂಜೆ ಆರಕ್ಕೆ ಅಚ್ಚಿಗೆ ಹೋಗಬೇಕು. ಉಳಿದದ್ದೆಲ್ಲ ಆಗಿದೆ, ‘ರಿಸರ್ವ್ ಪ್ರೈಸ್’ ಒಂದೇ ಬಗೆಹರಿಯುತ್ತಿಲ್ಲ.

ಇಲ್ಲಿ ಅದರ ಅರ್ಥ ಇಷ್ಟು. ಹರಾಜು ನೂರು ರೂಪಾಯಿಗೆ ಶುರುವಾಗುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಮಾರುವವರು ಒಳಗೆ 1,200 ಎಂದು ಗುಟ್ಟಾಗಿ ಬರೆದಿಟ್ಟಿರುತ್ತಾರೆ. ಕೊಳ್ಳುವವರು 900ರವರೆಗೆ ಏರಿಸಿ ನಿಲ್ಲಿಸಿದರೆ ಪರದೆಯ ಮೇಲೆ ‘ರಿಸರ್ವ್ ನಾಟ್ ಮೆಟ್’ ಎಂದು ಬಂದು ಮಾಲು ಮಾರಾಟವಾಗದೆ ಉಳಿಯುತ್ತದೆ. ಈ 1,200ಕ್ಕೆ ಪದ ಬೇಕು, ಪರದೆಯ ಆ ಸಾಲಿಗೂ ಹೊಂದಬೇಕು. ಆ ಸಾಲಿಗೆ ಇರುವ ಜಾಗ ಹದಿನೈದು ಅಕ್ಷರ.

ಮಂಗಳೂರಿನಿಂದ:

ಮೀಸಲು ಬೆಲೆ. ಬ್ಯಾಂಕುಗಳ ಹರಾಜು ಪ್ರಕಟಣೆ ಯಾವುದೇ ದಿನಪತ್ರಿಕೆಯಲ್ಲಿ ನೋಡಿ, ಇದೇ ಇರುತ್ತದೆ. ಚರ್ಚೆಗೆ ಇಲ್ಲೇನಿದೆ?

ಬೆಂಗಳೂರಿನಿಂದ:

ಇದೆ. ಬ್ಯಾಂಕ್ ಪ್ರಕಟಣೆಯ ಮೀಸಲು ಬೆಲೆಯೂ ಇವರು ಕೇಳುತ್ತಿರುವುದೂ ಬೇರೆ ಬೇರೆ.

ಬ್ಯಾಂಕುಗಳು ಸಾಲಕ್ಕೆ ಅಡವಿಟ್ಟ ಮನೆ, ಸೈಟುಗಳನ್ನು ಹರಾಜು ಹಾಕುವುದು 2002ರ ಸರ್ಫೇಸಿ ಕಾಯ್ದೆ ಮತ್ತು ಅದೇ ವರ್ಷದ ನಿಯಮಗಳ ಪ್ರಕಾರ. ಅಲ್ಲಿ ರಿಸರ್ವ್ ಪ್ರೈಸ್ ಎಂದರೆ ‘ಇದಕ್ಕಿಂತ ಕೆಳಗೆ ಮಾರುವುದಿಲ್ಲ’ ಎಂದು ಪ್ರಕಟಣೆಯಲ್ಲೇ ಅಚ್ಚಾಗುವ ಮೊತ್ತ. ಊರಿಗೆಲ್ಲ ಗೊತ್ತಿರುತ್ತದೆ. ಹರಾಜು ಶುರುವಾಗುವುದೂ ಅಲ್ಲಿಂದಲೇ.

ಮೈಸೂರಿನವರ ಕೈಪಿಡಿಯಲ್ಲಿರುವುದು ಬಚ್ಚಿಟ್ಟ ಮೊತ್ತ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರಿದೆ ಎಂದು ನಾವೂ ಒಂದೇ ಹೆಸರಿಟ್ಟರೆ ಓದುಗರು ಕೆಡುತ್ತಾರೆ. ಬ್ಯಾಂಕ್ ಪ್ರಕಟಣೆ ಓದಿ ರೂಢಿಯಾದವರು ‘ಮೀಸಲು ಬೆಲೆ’ ಕಂಡರೆ ಅದನ್ನೇ ಆರಂಭದ ಬೆಲೆ ಎಂದುಕೊಂಡು ಎರಡು ಖಾನೆಯಲ್ಲೂ ಒಂದೇ ಅಂಕಿ ತುಂಬುತ್ತಾರೆ. ಆಗ ಗುಟ್ಟಿನ ಬೆಲೆ ಇಟ್ಟೂ ಇಡದಂತೆ. ಎಷ್ಟೋ ಜಾಲತಾಣಗಳು ಆ ಖಾನೆ ತುಂಬಿದ್ದಕ್ಕೇ ಬೇರೆ ಶುಲ್ಕ ಹಿಡಿಯುತ್ತವೆ, ಅದು ದಂಡ.

ಶಿವಮೊಗ್ಗದಿಂದ:

ಮೀಸಲು ಅಚ್ಚಗನ್ನಡ ಪದ. ಮೀಸಲು ನೀರು, ಮೀಸಲು ಮುರಿಯುವುದು, ಇವೆಲ್ಲ ನಮ್ಮ ಮನೆಗಳಲ್ಲಿ ಇಂದಿಗೂ ಇರುವ ಮಾತು. ಹಾಗಿರುವ ಪದವನ್ನು ಬಿಟ್ಟು ಬೇರೆ ಹುಡುಕುವುದು ಏಕೆ? ಇಲ್ಲಿ ತಪ್ಪಾಗಿರುವುದು ‘ಹರಾಜು’. ಅದು ಅರಬ್ಬಿ. ಕೈಪಿಡಿಯ ಹೆಸರಿನಲ್ಲೇ ಅದನ್ನಿಟ್ಟುಕೊಂಡು ಒಳಗೆ ಕನ್ನಡ ಹುಡುಕುವುದು ಸರಿಯಲ್ಲ. ‘ಕೂಗುಮಾರಾಟ’ ಎನ್ನಿ.

ಧಾರವಾಡದಿಂದ:

ಹರಾಜು ಅರಬ್ಬಿ ಅಂತ ಬಿಟ್ಟರೆ ನಮ್ಮ ಕಡೆ ಲಿಲಾವು ಅಂತೀವಿ, ಅದು ಪೋರ್ಚುಗೀಸ್ ‘ಲೈಲಾಂವ್’ನಿಂದ ಬಂದದ್ದು. ಮರಾಠಿಯ ಲಿಲಾವ, ಹಿಂದಿಯ ನೀಲಾಮ, ತಮಿಳಿನ ಏಲಂ ಎಲ್ಲಾ ಅದೇ ಬಳ್ಳಿಯವು. ಚಾವಿ, ಪಗಾರ, ಬಟಾಟೆ ಬಂದ ದಾರಿಯೊಳಗೇ ಇದೂ ಬಂತು. ಇವನ್ನೆಲ್ಲಾ ಬಿಟ್ಟು ಪ್ಯಾಟಿಯೊಳಗ ಮಾತಾಡ್ಲಿಕ್ಕೆ ಆಗ್ತದೇನ್ರೀ?

ಕೂಗುಮಾರಾಟ ಅಂದರೆ ಬೆಳಗ್ಗೆ ಓಣಿಯೊಳಗ ಕಾಯಿಪಲ್ಲೆ ಮಾರೋದು. ಹರಾಜಲ್ಲ.

ಮೈಸೂರಿನಿಂದ:

ಹರಾಜು ಹಾಗೇ ಇರುತ್ತದೆ, ಅದನ್ನು ಬದಲಿಸುವ ಅಧಿಕಾರ ನನಗಿಲ್ಲ. ಮೀಸಲು ಬೆಲೆ ಬೇಡವೆಂದು ಬೆಂಗಳೂರಿನವರು ಹೇಳಿದ್ದು ಮನಸ್ಸಿಗೆ ಬಂತು. ‘ಕಾಯ್ದಿರಿಸಿದ ಬೆಲೆ’ ಉದ್ದ, ಯಾರಿಗೋ ಕಾಯ್ದಿಟ್ಟ ಹಾಗೂ ಕೇಳುತ್ತದೆ. ‘ತಳಬೆಲೆ’ಯೂ ‘ಮೂಲಬೆಲೆ’ಯೂ ಆರಂಭದ ಬೆಲೆಯ ಕಡೆಗೇ ಎಳೆಯುತ್ತವೆ.

ಇದರ ಜೊತೆಗೆ ಇನ್ನೊಂದು. ಬಿಡ್‌ಗೆ ‘ಸವಾಲು’ ಬಳಸಿದ್ದೇನೆ. ಆದರೆ ಕೊಳ್ಳುವವರು ತಮ್ಮ ಗರಿಷ್ಠ ಮೊತ್ತವನ್ನು ಮೊದಲೇ ಹೇಳಿಟ್ಟು, ಯಂತ್ರವೇ ಅವರ ಪರವಾಗಿ ಏರಿಸುತ್ತಾ ಹೋಗುವ ಏರ್ಪಾಟಿಗೆ ‘ಸ್ವಯಂ ಸವಾಲು’ ಎಂದು ಹಾಕಿದ್ದೆ. ಸರಿಯೇ?

ಬೆಂಗಳೂರಿನಿಂದ:

ಸವಾಲು ಸರಿ. ಪಂಚಾಯಿತಿ ಅಂಗಡಿ ಮಳಿಗೆ ಹರಾಜಿನಲ್ಲಿ ‘ಸರ್ಕಾರಿ ಸವಾಲು’ ಎಂದೇ ಆರಂಭದ ಮೊತ್ತ ಕೂಗುವುದು, ‘ಸವಾಲುದಾರರು’ ಎಂದೇ ಬರೆಯುವುದು. ‘ಕೂಗು’ ಬೇಡ. ಚೀಟಿ ವ್ಯವಹಾರದಲ್ಲಿ ಹೆಚ್ಚು ಕೂಗಿದಷ್ಟೂ ಕೂಗಿದವರ ಕೈಗೆ ಬರುವ ದುಡ್ಡು ಕಡಿಮೆ. ಅದು ರೂಢಿಯಾದವರಿಗೆ ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ.

‘ಸ್ವಯಂ ಸವಾಲು’ ಖಂಡಿತ ಬೇಡ. ಮಾರುವವರೇ ತಮ್ಮ ಮಾಲಿಗೆ ತಾವೇ ಸವಾಲು ಹಾಕಿಕೊಳ್ಳುವುದು ಎಂದು ಓದಿಕೊಳ್ಳುತ್ತದೆ. ಅದು ನಿಷಿದ್ಧ, ಖಾತೆಯೇ ರದ್ದಾಗಬಹುದು. ಅದಕ್ಕೆ ‘ಬೇನಾಮಿ ಸವಾಲು’ ಎನ್ನಿ, ಯಾರಿಗೂ ವಿವರಿಸಬೇಕಿಲ್ಲ. ನೀವು ಹೇಳುವ ಏರ್ಪಾಟಿಗೆ ‘ಮಿತಿ ಸವಾಲು’ ಸಾಕು, ಏಕೆಂದರೆ ಕೊಳ್ಳುವವರು ಕೊಡುವುದು ಒಂದು ಮಿತಿಯನ್ನೇ.

ಉದಾಹರಣೆ ಹಾಕದೆ ಬಿಡಬೇಡಿ, ಮಾರುವವರು ಹೆಚ್ಚು ತಪ್ಪು ತಿಳಿಯುವ ಜಾಗ ಇದು. ಏರಿಕೆಯ ಹೆಜ್ಜೆ 25 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರ ಮಿತಿ 1,000, ಇನ್ನೊಬ್ಬರದು 700. ಪರದೆಯಲ್ಲಿ ನಿಲ್ಲುವುದು 725, ಸಾವಿರ ಅಲ್ಲ. ಬೆಲೆಯನ್ನು ತೀರ್ಮಾನಿಸುವುದು ಎರಡನೆಯವರ ಮಿತಿ. ಇಬ್ಬರು ಪೈಪೋಟಿಗೆ ಬಾರದಿದ್ದರೆ ಎಷ್ಟೇ ದೊಡ್ಡ ಮಿತಿ ಹಾಕಿದವರಿದ್ದರೂ ಮಾಲು ಆರಂಭದ ಬೆಲೆಗೇ ಹೋಗುತ್ತದೆ. ಗುಟ್ಟಿನ ಬೆಲೆ ಇಟ್ಟಿದ್ದರೆ ಸಾಮಾನ್ಯವಾಗಿ ಇನ್ನೊಂದು ನಿಯಮ ಸೇರುತ್ತದೆ: ಒಬ್ಬರ ಮಿತಿ ಅದನ್ನು ದಾಟಿದ ಕೂಡಲೇ ಪರದೆಯ ಬೆಲೆ ನೇರವಾಗಿ ಅಲ್ಲಿಗೇ ಜಿಗಿಯುತ್ತದೆ.

ಶಿರಸಿಯಿಂದ:

ಮಾರುವವರ ಬಾಯಲ್ಲಿ ಏನು ಬರುತ್ತದೆ ಎಂದು ಯಾರೂ ಕೇಳಿಸಿಕೊಂಡಂತಿಲ್ಲ. ಬೆಲೆ ಸಾಲದಿದ್ದರೆ ‘ಇಷ್ಟಕ್ಕೆ ಗಿಟ್ಟೂದಿಲ್ಲ’ ಎನ್ನುತ್ತಾರೆ, ಅಡಿಕೆಯಾಗಲಿ ಹಳೇ ಕಪಾಟಾಗಲಿ. ‘ಗಿಟ್ಟುಬೆಲೆ’ ಎನ್ನಿ. ಪರದೆಗೆ ‘ಗಿಟ್ಟುಬೆಲೆ ಮುಟ್ಟಿಲ್ಲ’. ಎಣಿಸಿದರೆ ಏಳೇ ಅಕ್ಷರ.

ಶಿವಮೊಗ್ಗದಿಂದ:

ಗಿಟ್ಟುಬೆಲೆ ಎಂದರೆ ರೈತರಿಗೆ ಲಾಭದಾಯಕ ಬೆಲೆ, ಬೆಂಬಲ ಬೆಲೆಯ ನೆನಪು ಬರುತ್ತದೆ. ಗುಟ್ಟಾಗಿ ಇಟ್ಟದ್ದು ಎಂಬ ಅರ್ಥ ಅದರಲ್ಲಿಲ್ಲ. ಒಪ್ಪುವುದಿಲ್ಲ.

ಶಿರಸಿಯಿಂದ:

ಗುಟ್ಟು ಎಂಬ ಅರ್ಥ ‘ಮೀಸಲು’ ಎಂಬುದರಲ್ಲೂ ಇಲ್ಲ, ಇಂಗ್ಲಿಷಿನ ರಿಸರ್ವ್‌ನಲ್ಲೂ ಇಲ್ಲ. ಪದ ಎಲ್ಲವನ್ನೂ ಹೊರಬೇಕಿಲ್ಲ, ಮೊದಲ ಸಲ ಬರುವಲ್ಲಿ ಒಂದು ಸಾಲು ವಿವರಣೆ ಹಾಕಿದರೆ ಆಯಿತು. ‘ಇದಕ್ಕಿಂತ ಕಡಿಮೆಗೆ ಕೊಡಲಾರೆ’ ಎಂಬ ಮಾರುವವರ ನಿಲುವು ಗಿಟ್ಟುವುದರಲ್ಲಿ ನೇರವಾಗಿದೆ.

ಲೆಕ್ಕವನ್ನೂ ಈ ಪದವೇ ಸರಿಯಾಗಿ ಮಾಡಿಸುತ್ತದೆ. ತಾಣದ ಕಮಿಷನ್ ಶೇ 12 ಇದೆ ಎಂದುಕೊಳ್ಳಿ. ಕೈಗೆ 1,000 ಉಳಿಯಬೇಕು, ಪ್ಯಾಕಿಂಗಿಗೆ 80. ಬಹಳ ಮಂದಿ 1,080ಕ್ಕೆ ಶೇ 12 ಸೇರಿಸಿ 1,210 ಎಂದು ಇಡುತ್ತಾರೆ. ಕಮಿಷನ್ ಹಿಡಿಯುವುದು ಮಾರಾಟದ ಬೆಲೆಯ ಮೇಲೆ, ಆದ್ದರಿಂದ ಕೈಗೆ ಸುಮಾರು 1,065 ಬಂದು ಹದಿನೈದು ರೂಪಾಯಿ ಕೊರತೆಯಾಗುತ್ತದೆ. 1,080ನ್ನು 0.88ರಿಂದ ಭಾಗಿಸಬೇಕು: 1,227. ಅಂಚೆ ವೆಚ್ಚ ಕೊಳ್ಳುವವರಿಂದ ಬೇರೆಯಾಗಿ ಬಂದರೂ ಕೆಲವು ಕಡೆ ಅದರ ಮೇಲೂ ಕಮಿಷನ್ ಬೀಳುತ್ತದೆ, ಶುಲ್ಕದ ಪಟ್ಟಿ ನೋಡಿಯೇ ಸೇರಿಸಬೇಕು.

ಹಾಸನದಿಂದ:

ಗಿಟ್ಟುಬೆಲೆಗೆ ನನ್ನ ಮತ. ಆದರೆ ಕೈಪಿಡಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಗೆ ದಾರಿಯಾಗುವ ಪದಗಳಿವೆ, ಆ ಪುಟವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಮಾಲಿನ ಸ್ಥಿತಿ ಹೇಳುವ ಪದಗಳು.

ಗ್ರಾಮಫೋನ್ ತಟ್ಟೆಯ ವ್ಯಾಪಾರದಲ್ಲಿ ‘ವೆರಿ ಗುಡ್’ ಎಂದರೆ ನಡುಮಟ್ಟದ್ದು. ಗೀರು ಕಣ್ಣಿಗೆ ಕಾಣುತ್ತದೆ, ನುಡಿಸಿದರೆ ಸರಸರ ಸದ್ದು ಬರುತ್ತದೆ. ಅದನ್ನು ‘ಬಹಳ ಚೆನ್ನಾಗಿದೆ’ ಎಂದು ಅನುವಾದಿಸಿದರೆ ಕೊಂಡವರು ತಟ್ಟೆ ವಾಪಸ್ ಕಳಿಸುತ್ತಾರೆ, ಹೋಗಿಬರುವ ಎರಡೂ ಕಡೆಯ ಖರ್ಚು ಮಾರಿದವರ ತಲೆಗೆ. ನಾಣ್ಯದಲ್ಲಿ ‘ಫೈನ್’ ಎಂಬುದೂ ಹಾಗೆಯೇ, ಚೆನ್ನಾಗಿ ಸವೆದದ್ದು. ಇಲ್ಲಿ ಅನುವಾದ ಬೇಡ. ‘ವೆರಿ ಗುಡ್’ ಎಂದು ಕನ್ನಡ ಅಕ್ಷರದಲ್ಲೇ ಇಟ್ಟು, ಪಕ್ಕದಲ್ಲಿ ‘ಮೇಲ್ಮೈ ಸದ್ದು ಇದೆ, ಎಲ್ಲೂ ಮುಳ್ಳು ಜಿಗಿಯುವುದಿಲ್ಲ’ ಎಂದು ಕಂಡದ್ದನ್ನು ಬರೆಯಿರಿ.

ಅರಗಿನ ತಟ್ಟೆ (78 ಸುತ್ತಿನದು) ಕಳಿಸುವ ವಿಧಾನವೂ ಸ್ಪಷ್ಟವಾಗಿರಲಿ. ‘ಜೋಪಾನವಾಗಿ ಕಟ್ಟಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಟ್ಟೆಗಿಂತ ಎರಡು ಬೆರಳು ದೊಡ್ಡದಾದ ಎರಡು ಸುಕ್ಕುರಟ್ಟು (ಒಳಗೆ ಅಲೆಗೆರೆ ಇರುವ ಪೆಟ್ಟಿಗೆಯ ರಟ್ಟು), ಒಂದರ ಗೆರೆ ಅಡ್ಡ, ಇನ್ನೊಂದರದು ಉದ್ದ, ನಡುವೆ ತಟ್ಟೆ. ನಾಲ್ಕೂ ಅಂಚು ಟೇಪು. ಆಮೇಲೆ ಪೆಟ್ಟಿಗೆಯೊಳಗೆ ಆರೂ ಕಡೆ ಐದು ಸೆಂಟಿಮೀಟರ್ ಮೆತ್ತೆ. ಬರೀ ಲಕೋಟೆಯಲ್ಲಿ ಹಾಕಿದರೆ ಒಡೆಯುತ್ತದೆ, ಅರಗು ಬಾಗುವುದಿಲ್ಲ. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬಾರದು ಎಂದು ದಪ್ಪಕ್ಷರದಲ್ಲಿ ಹಾಕಿ. ಹೊಳಪು ಬಂದ ಹಳೆಯ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ‘ಹಳೆಯ ನಾಣ್ಯ’ ಎಂದಷ್ಟೇ ಬರೆದು ಬಿಡಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚೀನ ವಸ್ತುಗಳ ಕಾಯ್ದೆಯಡಿ ‘ಪ್ರಾಚೀನ ವಸ್ತು’. ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸು ಎಲ್ಲ ಇದರಲ್ಲಿ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ, ದೇಶದೊಳಗೂ ಅವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಹಸ್ತಪ್ರತಿಗೆ ಎಪ್ಪತ್ತೈದು ವರ್ಷ. ವಿದೇಶದಲ್ಲಿರುವ ನಮ್ಮವರು ಹೆಚ್ಚು ಬೆಲೆ ಹೇಳಿದರೆಂದು ಗೊತ್ತಿಲ್ಲದೆ ಪಾರ್ಸೆಲ್ ಮಾಡಿದವರಿಗೆ ಅದು ಅಪರಾಧ. ‘ಪುರಾತನ’, ‘ಹಳೆಯ’ ಎಂಬ ಸಡಿಲ ಪದಗಳು ಈ ಪುಟದಲ್ಲಿ ಸುಳಿಯಬಾರದು.

ಮಂಗಳೂರಿನಿಂದ:

ವೆರಿ ಗುಡ್ ಇರಬಹುದು, ರಿಸರ್ವ್ ಪ್ರೈಸ್ ಇರಬಾರದು. ಇದು ಯಾವ ನ್ಯಾಯ? ಹಾಗಾದರೆ ಅದನ್ನೂ ಹಾಗೇ ಬಿಡಿ.

ಹಾಸನದಿಂದ:

ವೆರಿ ಗುಡ್ ಎಂಬುದು ದರ್ಜೆಯ ಹೆಸರು. ಕೊಳ್ಳುವವರು ಹುಡುಕುವಾಗ ಅದನ್ನೇ ಹೊಡೆಯುತ್ತಾರೆ. ರಿಸರ್ವ್ ಪ್ರೈಸ್ ಮಾರುವವರು ಅರ್ಥಮಾಡಿಕೊಂಡು ಅಂಕಿ ತುಂಬಬೇಕಾದ ಖಾನೆ. ಅರ್ಥವಾಗಬೇಕಾದಲ್ಲಿ ಕನ್ನಡ, ಗುರುತು ಹಿಡಿಯಬೇಕಾದಲ್ಲಿ ಪೇಟೆಯ ಹೆಸರು.

ಶಿವಮೊಗ್ಗದಿಂದ:

ಈ ವಾದ ಕೇಳಿ ಕೇಳಿಯೇ ಅಂಗಡಿ ಬೋರ್ಡುಗಳೆಲ್ಲ ಹೀಗಾಗಿರುವುದು. ಗುರುತಿಗೆಂದು ಒಳಗೆ ಬಿಟ್ಟ ಪದ ಮನೆ ಯಜಮಾನಿಕೆ ಮಾಡುತ್ತದೆ. ಸವಾಲು ಅರಬ್ಬಿಯಲ್ಲಿ ‘ಪ್ರಶ್ನೆ’. ಬೇನಾಮಿ ಪಾರಸಿ. ಕಮಿಷನ್ ಇಂಗ್ಲಿಷ್. ನಾಲ್ಕು ಪುಟದಲ್ಲಿ ಕನ್ನಡ ಎಷ್ಟು ಉಳಿಯಿತು?

ಧಾರವಾಡದಿಂದ:

ಕ್ರಿಯಾಪದ ಎಲ್ಲಾ ಉಳಿದಾವರೀ. ಸವಾಲು ‘ಹಾಕು’, ಬೆಲೆ ‘ಏರು’, ಮಾಲು ‘ಉಳಿ’. ಸವಾಲು ಬಂದು ಎಷ್ಟೋ ತಲೆಮಾರು ಆತು. ಅದಕ್ಕೆ ಇನ್ನೂ ಊರು ಕೇಳೋದು ಅನ್ಯಾಯ.

ಬೆಂಗಳೂರಿನಿಂದ:

ಪದ ಯಾವುದೇ ಇರಲಿ, ಅದನ್ನು ಬಳಸುವುದು ಯಾವಾಗ ಎಂಬ ಸಾಲು ಕೈಪಿಡಿಯಲ್ಲಿ ಬರಲೇಬೇಕು. ಪೊಕೆಮಾನ್ ಕಾರ್ಡುಗಳನ್ನು ಜೋಡಿ ಜೋಡಿಯಾಗಿ ಇಬೇ ಎಂಬ ಹರಾಜು ತಾಣದಲ್ಲಿ ಮಾರಿ ಅಮೆರಿಕದ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ಒಂದೇ ಮೊತ್ತವನ್ನು ಒಂದರಲ್ಲಿ ಗುಟ್ಟಾಗಿ, ಇನ್ನೊಂದರಲ್ಲಿ ಬಹಿರಂಗ ಆರಂಭಿಕ ಬೆಲೆಯಾಗಿ ಇಟ್ಟಾಗ, ಗುಟ್ಟಾಗಿ ಇಟ್ಟವು ಮಾರಾಟವಾದದ್ದೂ ಕಡಿಮೆ, ಬಂದ ಬೆಲೆಯೂ ಕಡಿಮೆ. ‘ಮುಟ್ಟಿಲ್ಲ’ ಎಂದು ಮತ್ತೆ ಮತ್ತೆ ಕಂಡರೆ ಸವಾಲು ಹಾಕುವವರು ಬೇರೆ ಮಾಲಿನ ಕಡೆ ಹೋಗುತ್ತಾರೆ. ಅಗ್ಗದ ಮಾಲಿಗೆ ಗಿಟ್ಟುಬೆಲೆ ಬೇಡ, ಆರಂಭಿಕ ಬೆಲೆಯನ್ನೇ ಗಿಟ್ಟುವಷ್ಟು ಇಡಿ. ಇಬ್ಬರಿಗಿಂತ ಹೆಚ್ಚು ಗಟ್ಟಿ ಗಿರಾಕಿ ಬರುವ ನಂಬಿಕೆಯಿದ್ದು, ಬರದಿದ್ದರೆ ನಷ್ಟ ದೊಡ್ಡದಾಗುವ ಮಾಲಿಗೆ ಮಾತ್ರ ಅದು.

ಮುಕ್ತಾಯದ ಸಮಯದ ಬಗ್ಗೆಯೂ. ಗಡುವು ಗಟ್ಟಿಯಾಗಿರುವ ತಾಣಗಳಲ್ಲಿ ಅನುಭವಿಗಳು ಕೊನೆಯ ಕೆಲವೇ ಸೆಕೆಂಡಿನಲ್ಲಿ ಸವಾಲು ಹಾಕುತ್ತಾರೆ. ‘ಕೊನೆಗಳಿಗೆ ಸವಾಲು’ ಎನ್ನಬಹುದು. ಹಿಂದಿನ ದಿನದವರೆಗೆ ಬೆಲೆ ಏರಲಿಲ್ಲವೆಂದು ಹೆದರಿ ಹರಾಜು ಹಿಂತೆಗೆದುಕೊಳ್ಳಬಾರದು ಎಂದು ಬರೆಯಿರಿ. ಮುಕ್ತಾಯ ಜನ ಫೋನ್ ಹಿಡಿದು ಕೂರುವ ಹೊತ್ತಿಗೆ ಬೀಳಲಿ, ಭಾನುವಾರ ಸಂಜೆ ಒಳ್ಳೆಯದು. ಏಳು ದಿನದ ಹರಾಜಾದರೆ ಶುರು ಮಾಡುವುದೂ ಭಾನುವಾರ ಸಂಜೆಯೇ ಆಗಬೇಕು.

ಮೈಸೂರಿನಿಂದ:

ಎಲ್ಲರಿಗೂ ಕೃತಜ್ಞತೆ. ಅಚ್ಚಿಗೆ ಹೋಗುತ್ತಿರುವ ಸಾಲು ಇದು:

> ಗಿಟ್ಟುಬೆಲೆ: ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲವೆಂದು ನೀವು ಗುಟ್ಟಾಗಿ ಗೊತ್ತುಮಾಡುವ ಬೆಲೆ. ಕೊಳ್ಳುವವರಿಗೆ ಈ ಮೊತ್ತ ಕಾಣುವುದಿಲ್ಲ, ಮುಟ್ಟಿದೆಯೋ ಇಲ್ಲವೋ ಎಂಬುದಷ್ಟೇ ಕಾಣುತ್ತದೆ. ಬ್ಯಾಂಕ್ ಪ್ರಕಟಣೆಗಳ ‘ಮೀಸಲು ಬೆಲೆ’ ಬೇರೆ.

ಮಿತಿ ಸವಾಲು, ಬೇನಾಮಿ ಸವಾಲು, ಕೊನೆಗಳಿಗೆ ಸವಾಲು ಮೂರೂ ಸೇರಿವೆ. ನಾಣ್ಯದ ಪುಟದಲ್ಲಿ ‘ಹಳೆಯ’ ಎಂಬುದನ್ನು ತೆಗೆದು ‘ನೂರು ವರ್ಷದೊಳಗಿನ’ ಎಂದು ಮಾಡಿ, ಕಾಯ್ದೆಯ ಹೆಸರು ಹಾಕಿದ್ದೇನೆ.

ಶಿವಮೊಗ್ಗದಿಂದ:

‘ಗೊತ್ತುಮಾಡುವ’ ಎಂದು ಹಾಕಿದ್ದೀರಿ, ‘ನಿಗದಿ’ ಎನ್ನಲಿಲ್ಲ. ಅದೊಂದು ಸರಿಯಾಗಿದೆ. ಕೂಗುಮಾರಾಟದ ವಿಷಯ ಬೇರೆ ಎಳೆಯಲ್ಲಿ ಬರೆಯುತ್ತೇನೆ.