ಗಡಸು ನೀರಿನ ಲ್ಯಾಬ್: ನೀರಲ್ಲಿ ಇರೋದು ಬೇರೆ ಬೇರೆ ಉಪ್ಪು, ಉತ್ತರ ಮಾತ್ರ ಯಾಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ?

ಫಸ್ಟ್‌ಸೆಮ್_ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ಈ ವಾರ ಕೆಮಿಸ್ಟ್ರಿ ಲ್ಯಾಬಲ್ಲಿ ಇಡಿಟಿಎ (ಲೋಹದ ಅಯಾನುಗಳನ್ನ ಹಿಡ್ಕೊಳ್ಳೋ ಕೆಮಿಕಲ್) ಇಟ್ಕೊಂಡು ನೀರಿನ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರೋ) ಟೋಟಲ್ ಹಾರ್ಡ್‌ನೆಸ್ ಕಂಡುಹಿಡಿಯೋ ಎಕ್ಸ್‌ಪೆರಿಮೆಂಟ್ ಆಯ್ತು, ಹಾಸ್ಟೆಲ್ ಬೋರ್ ನೀರು 25 ಎಂಎಲ್ ಪಿಪೆಟ್ ಮಾಡಿ ಬಫರ್ (ಪಿಎಚ್ ಬದಲಾಗದಂತೆ ಹಿಡಿಯೋ ದ್ರಾವಣ) ಹಾಕಿ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಇಂಡಿಕೇಟರ್ ಹಾಕಿ ಟೈಟ್ರೇಟ್ ಮಾಡಿದ್ವಿ, 0.01 ಮೋಲಾರ್ ಇಡಿಟಿಎ 14.2 ಎಂಎಲ್ ಹೋಯ್ತು. ಫಾರ್ಮುಲಾಗೆ ಹಾಕಿದ್ರೆ 568 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಬಂತು, ರೆಕಾರ್ಡಲ್ಲಿ ಬರೆದೂ ಆಯ್ತು. ಆದ್ರೆ ಫಾರ್ಮುಲಾದಲ್ಲಿ ಆ 100 ಎಲ್ಲಿಂದ ಬಂತು ಅಂತ ಯಾರನ್ನ ಕೇಳಿದ್ರೂ "ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಲಿಕ್ಯುಲರ್ ವೇಟ್" ಅಂತ ಅಷ್ಟೇ ಹೇಳ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್ ನೀರಲ್ಲಿ ಹೆಚ್ಚುಕಮ್ಮಿ ಕರಗೋದೇ ಇಲ್ಲವಲ್ಲ, ಮತ್ತೆ ಇಲ್ಲದೇ ಇರೋದರ ಹೆಸರಲ್ಲಿ ಉತ್ತರ ಯಾಕೆ?

ಇನ್ನೊಂದು, ಬಫರ್ ಯಾಕೆ ಪಿಎಚ್ 10ಕ್ಕೇ ಇರಬೇಕು? ಪಕ್ಕದ ಬ್ಯಾಚ್ ಅವರಿಗೆ ವೈನ್ ರೆಡ್ ಹೋಗಿ ನೇರಳೆ ಬಂದು ಅಲ್ಲೇ ನಿಂತುಬಿಡ್ತು, ನೀಲಿ ಬರಲೇ ಇಲ್ಲ. ವೈವಾಗೆ ಬಾಯಿಪಾಠ ಮಾಡೋದು ಬೇಡ ಅನ್ಸುತ್ತೆ, ಅರ್ಥ ಮಾಡ್ಕೊಬೇಕು. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕೆಮಿಸ್ಟ್ರಿ_ಮೇಡಂ_ಹಾಸನ

ಒಳ್ಳೆ ಪ್ರಶ್ನೆ ಮಗು. ಮೊದಲು 100ರ ವಿಷಯ ನೋಡೋಣ, ಅದು ಅರ್ಥ ಆದ್ರೆ ಈ ಮಾಡ್ಯೂಲಿನ ಅರ್ಧ ಪ್ರಾಬ್ಲಂಗಳು ತಾವೇ ಬಿಡಿಸ್ಕೊಳ್ತವೆ.

ನಿಮ್ಮ ಬೋರ್ ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಇರಬಹುದು, ಮೆಗ್ನೀಸಿಯಂ ಸಲ್ಫೇಟ್ ಇರಬಹುದು, ಕ್ಲೋರೈಡ್‌ಗಳು ಇರಬಹುದು. ಇಡಿಟಿಎಗೆ ಇದ್ಯಾವ ಭೇದವೂ ಇಲ್ಲ, ಅದು ಕಣಗಳನ್ನ ಎಣಿಸುತ್ತೆ ಅಷ್ಟೇ, ಒಂದು ಕ್ಯಾಲ್ಸಿಯಂ ಅಯಾನಿಗೆ ಒಂದು ಇಡಿಟಿಎ, ಒಂದು ಮೆಗ್ನೀಸಿಯಂ ಅಯಾನಿಗೂ ಒಂದೇ ಇಡಿಟಿಎ. ಅಂದ್ರೆ ಬ್ಯೂರೆಟ್ ನಿಮಗೆ ಕೊಡೋದು ಮೋಲ್‌ಗಳ ಲೆಕ್ಕ, ಯಾವ ಉಪ್ಪು ಎಷ್ಟು ಗ್ರಾಂ ಅನ್ನೋದು ಅದರಿಂದ ಗೊತ್ತಾಗೋದೇ ಇಲ್ಲ. ಆದ್ರೆ ಒಂದೂರಿನ ನೀರನ್ನ ಇನ್ನೊಂದೂರಿನ ನೀರಿಗೆ ಹೋಲಿಸ್ಬೇಕಲ್ಲ, ಅದಕ್ಕೆ "ಇಷ್ಟೇ ಮೋಲ್ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿದ್ದಿದ್ರೆ ಎಷ್ಟು ಮಿಲಿಗ್ರಾಂ ಆಗ್ತಿತ್ತು" ಅಂತ ಲೆಕ್ಕ ಹಾಕಿ ಹೇಳ್ತೀವಿ. ಅದರ ಮಾಲಿಕ್ಯುಲರ್ ವೇಟ್ ಹೆಚ್ಚುಕಮ್ಮಿ 100, ಗುಣಾಕಾರ ಸುಲಭ, ಮೇಲಾಗಿ ಗಡಸು ನೀರು ಕಾಯಿಸಿದಾಗ ಪಾತ್ರೆ ತಳದಲ್ಲಿ ಕೂರೋದೂ ಮುಖ್ಯವಾಗಿ ಅದೇ.

ಈಗ ನಿಮ್ಮದೇ ರೀಡಿಂಗ್ ತಗೊಳ್ಳಿ. 0.01 ಮೋಲಾರ್ ಇಡಿಟಿಎ 1 ಎಂಎಲ್‌ನಲ್ಲಿ 0.01 ಮಿಲಿಮೋಲ್ ಇರುತ್ತೆ, ಅದನ್ನ 100ರಿಂದ ಗುಣಿಸಿದ್ರೆ 1 ಮಿಲಿಗ್ರಾಂ. ಅಂದ್ರೆ 14.2 ಎಂಎಲ್ ಹೋಗಿದೆ ಅಂದ್ರೆ ನಿಮ್ಮ 25 ಎಂಎಲ್ ನೀರಲ್ಲಿ 14.2 ಮಿಲಿಗ್ರಾಂ ಲೆಕ್ಕ, ಲೀಟರಿಗೆ ಬೇಕು ಅಂದ್ರೆ 40ರಿಂದ ಗುಣಿಸಿ, 568 ಬಂತು. ಫಾರ್ಮುಲಾ ನೋಡದೇ ಹೀಗೆ ಮಾಡೋಕೆ ಬಂದ್ರೆ ವೈವಾದಲ್ಲಿ ಯಾರೂ ನಿಮ್ಮನ್ನ ಅಲ್ಲಾಡಿಸೋಕಾಗಲ್ಲ. ಲ್ಯಾಬಲ್ಲಿ ಇಡಿಟಿಎ ಡೈಸೋಡಿಯಂ ಸಾಲ್ಟ್ ನೀವೇ ತೂಕ ಮಾಡಿ 250 ಎಂಎಲ್ ಫ್ಲಾಸ್ಕಿಗೆ ಮೇಕಪ್ ಮಾಡೋದಾದ್ರೆ (ಗುರುತಿನ ತನಕ ನೀರು ತುಂಬೋದಾದ್ರೆ), ತೂಕವನ್ನ 4ರಿಂದ ಗುಣಿಸಿ 372.24ರಿಂದ ಭಾಗಿಸಿದ್ರೆ ಮೋಲಾರಿಟಿ. 0.93 ಗ್ರಾಂ ತಗೊಂಡ್ರೆ ಹತ್ತಿರತ್ತಿರ 0.01 ಬರುತ್ತೆ.

ಇನ್ನು ಬಣ್ಣದ ಕತೆ. ಇಂಡಿಕೇಟರ್ ತಾನಾಗಿ ಪಿಎಚ್ 10ರಲ್ಲಿ ನೀಲಿ, ಮೆಗ್ನೀಸಿಯಂ ಜೊತೆ ಸೇರಿದ್ರೆ ವೈನ್ ರೆಡ್. ಇಡಿಟಿಎ ಬಿಡ್ತಾ ಹೋದಾಗ ಅದು ಮೊದಲು ಖಾಲಿ ಓಡಾಡ್ತಿರೋ ಕ್ಯಾಲ್ಸಿಯಂ ಹಿಡಿಯುತ್ತೆ (ಹಿಡಿತ ಎಷ್ಟು ಗಟ್ಟಿ ಅಂತ ಹೇಳೋ ಸ್ಟೆಬಿಲಿಟಿ ಕಾನ್ಸ್ಟಂಟಿನ ಲಾಗ್ ಸುಮಾರು 10.7), ಆಮೇಲೆ ಮೆಗ್ನೀಸಿಯಂ (8.7), ಕೊನೇಲಿ ಇಂಡಿಕೇಟರ್ ಹಿಡ್ಕೊಂಡಿರೋ ಮೆಗ್ನೀಸಿಯಂ ಅನ್ನೂ ಕಿತ್ಕೊಳ್ಳುತ್ತೆ, ಯಾಕಂದ್ರೆ ಆ ಹಿಡಿತ ಬರೀ 7ರ ಆಸುಪಾಸು. ಕಿತ್ಕೊಂಡ ಕ್ಷಣ ಇಂಡಿಕೇಟರ್ ಒಂಟಿಯಾಗಿ ನೀಲಿಗೆ ತಿರುಗುತ್ತೆ. ಅದೇ ಎಂಡ್ ಪಾಯಿಂಟ್.

ಪಿಎಚ್ 10 ಯಾಕೆ ಅಂದ್ರೆ, ಇಡಿಟಿಎ ಲೋಹ ಹಿಡಿದಾಗೆಲ್ಲ ಹೈಡ್ರೋಜನ್ ಅಯಾನು ಬಿಡುತ್ತೆ, ಬಫರ್ ಇಲ್ಲದಿದ್ರೆ ನೀರು ಟೈಟ್ರೇಷನ್ ಮಧ್ಯದಲ್ಲೇ ಆಮ್ಲದ ಕಡೆ ಜಾರುತ್ತೆ. ಪಿಎಚ್ ಕೆಳಗೆ ಹೋದ್ರೆ ಮೆಗ್ನೀಸಿಯಂ ಮೇಲಿನ ಹಿಡಿತ ಸಡಿಲ ಆಗುತ್ತೆ, ಇನ್ನೂ ಕೆಳಗೆ, 6ರ ಹತ್ತಿರ ಹೋದ್ರೆ ಇಂಡಿಕೇಟರ್ ಲೋಹ ಇಲ್ಲದೇನೂ ಕೆಂಪಾಗೇ ಇರುತ್ತೆ, ಆಗ ಯಾವ ಬದಲಾವಣೆ ಅಂತ ನೋಡ್ತೀರಿ? ಮೇಲೆ 12 ದಾಟಿದ್ರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂತುಬಿಡುತ್ತೆ. ಇದೇ ಗುಣವನ್ನ ಉಪಯೋಗಿಸ್ಕೊಂಡು ಬೇರೆ ಇಂಡಿಕೇಟರ್ ಹಾಕಿ ಕ್ಯಾಲ್ಸಿಯಂ ಒಂದನ್ನೇ ಅಳೆಯೋದೂ ಇದೆ. ಹಾಗಾಗಿ ಅಮೋನಿಯಾ, ಅಮೋನಿಯಂ ಕ್ಲೋರೈಡ್ ಬಫರ್ ಹಾಕಿ 10ರಲ್ಲಿ ನಿಲ್ಲಿಸ್ತೀವಿ. ಬಫರ್ ಹಾಕಿದ್ಮೇಲೆ ಮಾತಾಡ್ತಾ ಕೂರಬೇಡಿ, ಆ ಪಿಎಚ್‌ನಲ್ಲಿ ಬೈಕಾರ್ಬೊನೇಟ್ ಇರೋ ನೀರಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ನಿಧಾನಕ್ಕೆ ಬೀಳೋಕೆ ಶುರು ಆಗುತ್ತೆ, ಐದು ನಿಮಿಷದೊಳಗೆ ಮುಗಿಸಿ.

ನೇರಳೇಲಿ ನಿಂತಿದ್ದಕ್ಕೆ ಕಾರಣ ಕೆಲವು ಇರಬಹುದು. ಕೊನೆಯ ಹಂತದ ರಿಯಾಕ್ಷನ್ ನಿಧಾನ, ಎಂಡ್ ಪಾಯಿಂಟ್ ಹತ್ತಿರ ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಿ ಕಾಯಬೇಕು. ಎರಡನೇದು ಇಂಡಿಕೇಟರ್ ಹಳೇದಾಗಿದ್ರೆ ಸರಿ ಬಣ್ಣ ಬರಲ್ಲ, ಕರಗಿಸಿಟ್ಟಿದ್ದು ಬೇಗ ಕೆಡುತ್ತೆ, ಉಪ್ಪಿನ ಜೊತೆ ಅರೆದಿಟ್ಟ ಪುಡಿ ಬಹಳ ದಿನ ಬಾಳುತ್ತೆ. ನೀರಲ್ಲಿ ಕಬ್ಬಿಣ ಅಥವಾ ತಾಮ್ರ ಚೂರು ಇದ್ರೂ ಅವು ಇಂಡಿಕೇಟರನ್ನ ಗಟ್ಟಿಯಾಗಿ ಹಿಡ್ಕೊಂಡು ಬಿಡೋದೇ ಇಲ್ಲ, ತುಕ್ಕು ಹಿಡಿದ ಪೈಪಿನ ನೀರಲ್ಲಿ ಇದು ಆಗುತ್ತೆ.

ಬಾಯ್ಲರ್_ಹೌಸ್_ಬಾಗಲಕೋಟೆ

ಮೇಡಂ ಭಾಳ ಚೊಲೋ ಹೇಳ್ಯಾರ. ನಾ ಸಕ್ಕರಿ ಫ್ಯಾಕ್ಟರಿ ಬಾಯ್ಲರ್ ಕಡೆ ಕೆಲಸ ಮಾಡಾಂವ, ನೀವು ಮೆಕ್ಯಾನಿಕಲ್ ಅಂತೀರಿ ಅಂದ್ರ ಇದು ನಿಮಗ ಮುಂದ ಬೇಕಾಗೂದ ಐತಿ, ಅದಕ್ಕ ಬರ್ಯಾಕತ್ತೀನಿ. ನೀವು ಲ್ಯಾಬಿನ್ಯಾಗ ಮಾಡಿದ ಟೆಸ್ಟ ನಮ್ಮಲ್ಲಿ ಪ್ರತಿ ಶಿಫ್ಟಿಗೆ ಮಾಡ್ತಾರ. ಸಾಫ್ಟನರ್‌ದಿಂದ ಬಂದ ನೀರು ತಗೊಂಡು ಬಫರ್, ಇಂಡಿಕೇಟರ್ ಹಾಕಿದ ಕೂಡ್ಲೆ ಸೀದಾ ನೀಲಿ ಬಂದ್ರ ನೀರು ಚೊಲೋ ಐತಿ, ಕೆಂಪ ಬಂತಂದ್ರ ರೆಸಿನ್ ಮುಗದೈತಿ, ಉಪ್ಪಿನ ನೀರು ಬಿಟ್ಟು ರಿಜನರೇಟ್ ಮಾಡಬೇಕು. ರೆಸಿನ್ ಏನ್ ಮಾಡ್ತೈತಿ ಅಂದ್ರ ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಕೊಂಡು ಸೋಡಿಯಂ ಬಿಡತೈತಿ, ನೀರಿನಾಗಿನ ಒಟ್ಟು ಉಪ್ಪು ಕಡಿಮಿ ಆಗಂಗಿಲ್ಲ ನೋಡ್ರಿ, ಟಿಡಿಎಸ್ (ಕರಗಿದ ಒಟ್ಟು ಉಪ್ಪು) ಮೀಟರ್ ಹಿಡದು "ಸಾಫ್ಟನರ್ ಕೆಲಸ ಮಾಡವಲ್ದು" ಅಂತ ಹೊಸಾ ಹುಡುಗರು ಓಡಿ ಬರ್ತಾರ, ಅದು ತಪ್ಪ ತಿಳುವಳಿಕಿ.

ಮತ್ತ ಇನ್ನೊಂದ. ಸಕ್ಕರಿ ನೀರಾಗ ಬಿಸಿ ಮಾಡಿದಷ್ಟು ಹೆಚ್ಚು ಕರಗತೈತಿ, ಕ್ಯಾಲ್ಸಿಯಂ ಸಲ್ಫೇಟ್ ಹಂಗಲ್ಲ, ಬಾಯ್ಲರಿನ ಶಾಖಕ್ಕ ಅದರ ಕರಗೂ ಶಕ್ತಿ ಕಡಿಮಿ ಆಗತೈತಿ. ಹಿಂಗಾಗಿ ಟ್ಯೂಬ್ ಎಲ್ಲಿ ಭಾಳ ಬಿಸಿ ಐತಿ ಅಲ್ಲೇ ಹೋಗಿ ಗಟ್ಟಿ ಪದರಾಗಿ ಕೂಡತೈತಿ. ಆ ಪದರಿನ್ಯಾಗ ಶಾಖ ಸರಿಯಾಗಿ ದಾಟೂದಿಲ್ಲ, ಒಳಗಿನ ನೀರು ಲೋಹ ತಣ್ಣಗ ಇಡಾಕ ಆಗೂದಿಲ್ಲ, ಟ್ಯೂಬ್ ಕಾದು ಮೆತ್ತಗಾಗಿ ಉಬ್ಬಿ ಒಡೀತೈತಿ. ಟ್ಯೂಬ್ ಒಡದ್ರ ಸುತ್ತ ನಿಂತವರ ಜೀವದ ಪ್ರಶ್ನೆ. ಪಿಪಿಎಂ ಅನ್ನೂದು ರೆಕಾರ್ಡ್ ಬುಕ್ಕಿನ ಅಂಕಿ ಅಷ್ಟ ಅಂತ ತಿಳೀಬ್ಯಾಡ್ರಿ.

ಫಸ್ಟ್‌ಸೆಮ್_ಮೆಕ್ಯಾನಿಕಲ್

ಮೇಡಂ, ಅಣ್ಣ, ಇಬ್ರಿಗೂ ತುಂಬಾ ಥ್ಯಾಂಕ್ಸ್, 25 ಎಂಎಲ್‌ನಲ್ಲಿ 14.2 ಮಿಲಿಗ್ರಾಂ ಅನ್ನೋದು ಓದಿದ ತಕ್ಷಣ ಹೊಳೀತು. ಇನ್ನೆರಡು ಕೇಳ್ಲಾ? 568 ಅಂದ್ರೆ ಕುಡಿಯೋಕೆ ಆಗುತ್ತಾ, ನಾವು ಹಾಸ್ಟೆಲಲ್ಲಿ ಅದನ್ನೇ ಕುಡೀತಿದ್ದೀವಿ. ಮತ್ತೆ ಕುದಿಸಿದ್ರೆ ಟೆಂಪರರಿ ಹಾರ್ಡ್‌ನೆಸ್ ಹೋಗುತ್ತೆ ಅಂತಾರೆ, ಅದನ್ನ ಅಳೆಯೋದು ಹೇಗೆ, ಮುಂದಿನ ವಾರ ನಮಗೆ ಅದೇ ಇದೆ.

ಕೆಮಿಸ್ಟ್ರಿ_ಮೇಡಂ_ಹಾಸನ

ಭಾರತೀಯ ಕುಡಿಯೋ ನೀರಿನ ಸ್ಟ್ಯಾಂಡರ್ಡ್ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿರೋದು ಸರಿ, ಬೇರೆ ಮೂಲ ಇಲ್ಲ ಅಂದ್ರೆ 600ರ ತನಕ ಒಪ್ತಾರೆ. ನಿಮ್ಮದು ಆ ಮೇಲಿನ ಗಡಿ ಹತ್ತಿರ ಇದೆ. ಗಡಸುತನ ಒಂದೇ ನೋಡಿ ನೀರು ಕುಡಿಯೋಕೆ ಯೋಗ್ಯ ಅಂತ ಹೇಳೋಕಾಗಲ್ಲ, ಬೋರ್ ನೀರಲ್ಲಿ ಫ್ಲೋರೈಡ್, ನೈಟ್ರೇಟ್ ಕೂಡ ಟೆಸ್ಟ್ ಆಗ್ಬೇಕು, ವಾರ್ಡನ್ ಹತ್ರ ಲ್ಯಾಬ್ ರಿಪೋರ್ಟ್ ಇದೆಯಾ ಅಂತ ಧೈರ್ಯವಾಗಿ ಕೇಳಿ.

ಕುದಿಸೋದರ ಬಗ್ಗೆ. 250 ಎಂಎಲ್ ನೀರು ತಗೊಂಡು ಚೆನ್ನಾಗಿ ಕುದಿಸಿ, ಬೈಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೋಗಿ ಕಾರ್ಬೊನೇಟ್ ಕೆಳಗೆ ಬೀಳುತ್ತೆ, ಆರಿಸಿ ಸೋಸಿ. ಈಗ ಗಮನ ಕೊಡಿ, ಸೋಸಿದ ನೀರನ್ನ ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ 250ಕ್ಕೇ ತರಬೇಕು, ಆಮೇಲೆ 25 ಎಂಎಲ್ ಪಿಪೆಟ್ ಮಾಡಿ. ಮೇಕಪ್ ಮಾಡದಿದ್ರೆ ಆವಿಯಾದ ನೀರಿನಷ್ಟು ಉಳಿದ ಉಪ್ಪು ಗಟ್ಟಿಯಾಗಿರುತ್ತೆ, ಕುದಿಸಿದ್ಮೇಲೂ ರೀಡಿಂಗ್ ಇಳಿಯಲ್ಲ, ಕೆಲವು ಸಲ ಏರಿಬಿಡುತ್ತೆ. ಉದಾಹರಣೆಗೆ ಕುದಿಸಿದ ನೀರಿಗೆ 9.8 ಎಂಎಲ್ ಹೋಯ್ತು ಅಂದ್ಕೊಳ್ಳಿ, ಕುದಿಸಿದ್ರೂ ಉಳಿಯೋ ಪರ್ಮನೆಂಟ್ ಗಡಸುತನ 392, ಟೆಂಪರರಿ 568ರಲ್ಲಿ ಅದನ್ನ ಕಳೆದ್ರೆ 176.

ಫಸ್ಟ್‌ಸೆಮ್_ಮೆಕ್ಯಾನಿಕಲ್

ಮೇಕಪ್ ಮಾಡ್ಬೇಕು ಅಂತ ಮ್ಯಾನುವಲ್ಲಲ್ಲಿ ಒಂದು ಸಾಲು ಇದೆ ಮೇಡಂ, ಯಾಕೆ ಅಂತ ಈಗ ಗೊತ್ತಾಯ್ತು. ನೀರಿನ ರಿಪೋರ್ಟ್ ಬಗ್ಗೆ ನಾಳೆನೇ ವಾರ್ಡನ್ ಸರ್‌ನ ಕೇಳ್ತೀನಿ.